ಟಿಪ್ಪುವಿನದಲ್ಲದ ಒಂದು ಬೆಳ್ಳಿ ಸೌಟು

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಯಾವ ಹಳೆಯ ವಸ್ತು ಸಿಕ್ಕರೂ ಅದು ಟಿಪ್ಪು ಸುಲ್ತಾನರ ಕಾಲದ್ದೇ ಆಗಿಬಿಡುತ್ತದೆ. ಹಿತ್ತಲು ಅಗೆಯುವಾಗ ತುಕ್ಕು ಹಿಡಿದ ಕತ್ತಿ ಸಿಕ್ಕರೆ ಅದು ಟಿಪ್ಪುವಿನ ಸಿಪಾಯಿಯದು. ಅಟ್ಟದ ಮೇಲೆ ತಾಮ್ರದ ಹಂಡೆ ಇದ್ದರೆ ಅದು ಪಟ್ಟಣದ ಅರಮನೆಯ ಬಾವರ್ಚಿಖಾನೆಯದು. ಶ್ರೀರಂಗಪಟ್ಟಣ ಇಷ್ಟು ಹತ್ತಿರ ಇರುವಾಗ ಇದು ಸಹಜವೇ. ಆದರೆ ಇತಿಹಾಸ ಪಾಠ ಮಾಡುವವರಿಗೆ ಇದರಿಂದ ಒಮ್ಮೊಮ್ಮೆ ಪೇಚಿಗೆ ಸಿಲುಕುವ ಪ್ರಸಂಗ ಬರುತ್ತದೆ. ಅಂಥ ಒಂದು ಪ್ರಸಂಗ ಕೊಪ್ಪದಲ್ಲಿ ನನಗೆ ಎದುರಾಯಿತು. ಅದರ ನೆಪದಲ್ಲಿ ಬೆಳ್ಳಿಯ ಪಾತ್ರೆಗಳ ಬಗ್ಗೆ ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ವಿದ್ಯಾರ್ಥಿಗಳ ಮತ್ತು ಸಂಸ್ಥೆಯ ಸದಸ್ಯರ ಮುಂದಿಡುತ್ತಿದ್ದೇನೆ.

ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ದಿನ ತನ್ನ ತಂದೆಯೊಂದಿಗೆ ನನ್ನ ಮನೆಗೆ ಬಂದ. ತಂದೆಯ ಕೈಯಲ್ಲಿ ಹಳೆಯ ದುಪಟ್ಟಾದಲ್ಲಿ ಸುತ್ತಿದ ಒಂದು ವಸ್ತು. ಬಿಚ್ಚಿದರೆ ಉದ್ದ ಹಿಡಿಯ, ಬೋಗುಣಿಯಂತೆ ಆಳವಾದ ಒಂದು ಸೌಟು. ಕಪ್ಪಾಗಿತ್ತು, ಆದರೆ ಕೈಗೆ ತೂಕವಾಗಿತ್ತು. "ಮಾಸ್ಟರ್ ಸಾಬ್, ಇದು ಟಿಪ್ಪು ಸುಲ್ತಾನರ ಅರಮನೆಯದು. ನಮ್ಮ ಖಾಂದಾನಿನಲ್ಲಿ ಐದು ತಲೆಮಾರಿನಿಂದ ಇದೆ" ಎಂದರು. ಹಳೆಯ ವಸ್ತುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬ ಅದನ್ನು ನೋಡಿದ್ದನಂತೆ. ಬೆಳ್ಳಿಯ ತೂಕಕ್ಕೆ ಕೊಟ್ಟರೆ ಒಂದು ಬೆಲೆ. ಇದು ಟಿಪ್ಪುವಿನದೆಂದು ಇತಿಹಾಸ ಬಲ್ಲ ಮೇಷ್ಟರೊಬ್ಬರು ಬರೆದುಕೊಟ್ಟರೆ ಅದರ ಹತ್ತು ಪಟ್ಟು ಎಂದು ಹೇಳಿದ್ದನಂತೆ. ಮಗಳನ್ನು ನರ್ಸಿಂಗ್ ಕೋರ್ಸಿಗೆ ಸೇರಿಸಬೇಕಿತ್ತು, ಶುಲ್ಕ ಕಟ್ಟುವ ದಿನ ಹತ್ತಿರ ಬಂದಿತ್ತು. ಒಂದು ಪತ್ರ ಬರೆದುಕೊಡಿ ಎಂಬುದೇ ಅವರ ಕೋರಿಕೆ.

ನಾನು ಎರಡು ದಿನದ ಸಮಯ ಕೇಳಿದೆ. ಮದ್ದೂರಿನಲ್ಲಿ ತೂಕ ಮಾಡಿಸಿದಾಗ 236 ಗ್ರಾಂ ಬಂತು, ಅಂದರೆ ಹಳೆಯ ಲೆಕ್ಕದಲ್ಲಿ ಸುಮಾರು ಇಪ್ಪತ್ತು ತೊಲ. ಹಿಡಿಯ ಹಿಂಭಾಗವನ್ನು ಹುಣಸೆಹಣ್ಣಿನಲ್ಲಿ ಮೆಲ್ಲಗೆ ಉಜ್ಜಿ ಭೂತಗನ್ನಡಿ ಹಿಡಿದು ನೋಡಿದರೆ ಐದು ಸಣ್ಣ ಮುದ್ರೆಗಳು ಕಂಡವು. ಒಂದರಲ್ಲಿ ನಡೆಯುತ್ತಿರುವ ಸಿಂಹ. ಒಂದರಲ್ಲಿ ಎದುರಿಗೆ ನೋಡುವ ಚಿರತೆಯ ಮುಖ. ಒಂದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ 'ಎಫ್'. ಒಂದರಲ್ಲಿ ಹೆಂಗಸಿನ ತಲೆ. ಐದನೆಯದು ಸವೆದುಹೋದ ಎರಡು ಅಕ್ಷರಗಳು.

ಈ ಮುದ್ರೆಗಳಿಗೆ ಹಾಲ್‌ಮಾರ್ಕ್ ಎನ್ನುತ್ತಾರೆ. ಈಗ ನಮ್ಮ ಚಿನ್ನದಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಈ ಪದ ಹುಟ್ಟಿದ್ದು ಲಂಡನ್ನಿನ ಅಕ್ಕಸಾಲಿಗರ ಸಂಘದ 'ಹಾಲ್'ನಲ್ಲಿ. ಅಪ್ಪಟ ಬೆಳ್ಳಿ ಬಹಳ ಮೆದು. ಅದರಲ್ಲಿ ಪಾತ್ರೆ ಮಾಡಿದರೆ ಬೇಗ ಬಗ್ಗುತ್ತದೆ. ಆದ್ದರಿಂದ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರ ಬೆರೆಸುತ್ತಾರೆ. ಇದೇ ಸ್ಟರ್ಲಿಂಗ್ ಬೆಳ್ಳಿ. ಬೆರಕೆ ಹೆಚ್ಚು ಮಾಡಿ ಗಿರಾಕಿಯನ್ನು ವಂಚಿಸುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಅದನ್ನು ತಡೆಯಲು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1300ರಲ್ಲಿ ಕಾನೂನು ಮಾಡಿ, ಪರೀಕ್ಷೆಯಾದ ಬೆಳ್ಳಿಗೆ ಚಿರತೆಯ ಮುಖದ ಮುದ್ರೆ ಹಾಕಿಸಿದ. 1478ರಿಂದ ವರ್ಷಕ್ಕೊಂದು ಅಕ್ಷರ ಸೇರಿತು. 1544ರಿಂದ ನಡೆಯುವ ಸಿಂಹ ಬಂತು. 1784ರಲ್ಲಿ ಬೆಳ್ಳಿಯ ಮೇಲೆ ತೆರಿಗೆ ಹಾಕಿದಾಗ, ತೆರಿಗೆ ಸಂದಾಯವಾಗಿದೆ ಎಂಬುದಕ್ಕೆ ಆಳುವ ದೊರೆಯ ತಲೆಯ ಗುರುತು ಸೇರಿತು. 1890ರಲ್ಲಿ ತೆರಿಗೆ ರದ್ದಾಗಿ ತಲೆಯೂ ಹೋಯಿತು.

ಹೀಗೆ ನಾಲ್ಕು ಚುಕ್ಕೆಯಷ್ಟು ಜಾಗದಲ್ಲಿ ಒಂದು ಪಾತ್ರೆಯ ಜನ್ಮಪತ್ರವೇ ಅಡಗಿರುತ್ತದೆ. ನಮ್ಮ ಸೌಟಿನ ಸಿಂಹ ಅದು ಸ್ಟರ್ಲಿಂಗ್ ಎಂದು ಹೇಳಿತು. ಚಿರತೆಯ ಮುಖ ಲಂಡನ್ ಎಂದಿತು. ಆ ಚಿರತೆಯ ತಲೆಯ ಮೇಲೆ ಕಿರೀಟ ಇರಲಿಲ್ಲ. ಲಂಡನ್ ಚಿರತೆ 1821ರಲ್ಲಿ ಕಿರೀಟ ಕಳೆದುಕೊಂಡಿತು, ಆದ್ದರಿಂದ ಸೌಟು ಆ ನಂತರದ್ದು. ಹೆಂಗಸಿನ ತಲೆ ವಿಕ್ಟೋರಿಯಾ ರಾಣಿಯದು. ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ. ಕೊನೆಯದಾಗಿ ಅಕ್ಷರ. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಗಳ ಸುತ್ತು, ಪ್ರತಿ ಸುತ್ತಿಗೂ ಅಕ್ಷರದ ಆಕಾರ ಬೇರೆ. ಈ ಆಕಾರದ ದೊಡ್ಡಕ್ಷರಗಳ ಸುತ್ತು 1876ರಲ್ಲಿ 'ಎ'ಯಿಂದ ಶುರುವಾಯಿತು. ಬೆರಳಲ್ಲಿ ಎಣಿಸಿದರೆ 'ಎಫ್' 1881ಕ್ಕೆ ಬರುತ್ತದೆ. ಮೈಸೂರು ಸಂಸ್ಥಾನವನ್ನು ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ ವರ್ಷವೇ ಅದು. ಟಿಪ್ಪು ಸುಲ್ತಾನರು ಶಹೀದರಾದದ್ದು 1799ರ ಮೇ 4ರಂದು. ಎಂಬತ್ತೆರಡು ವರ್ಷಗಳ ಅಂತರ. ಇನ್ನು ವಾದಕ್ಕೆ ಎಡೆಯೇ ಇರಲಿಲ್ಲ.

ಹಾಗಾದರೆ ಟಿಪ್ಪುವಿನ ಬೆಳ್ಳಿ ಎಲ್ಲಿ ಹೋಯಿತು? ವಿದ್ಯಾರ್ಥಿಗಳು ಇದನ್ನು ಕೇಳಬೇಕು. ಶ್ರೀರಂಗಪಟ್ಟಣ ಬಿದ್ದ ರಾತ್ರಿ ಊರು ಸುಲಿಗೆಯಾಯಿತು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ಕೆಲವು ಸುಲಿಗೆಕೋರರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು. ಉಳಿದ ಖಜಾನೆಯನ್ನು ಲೆಕ್ಕ ಹಾಕಲು ಒಂದು ಸಮಿತಿ ಕುಳಿತಿತು. ಅದರ ಒಟ್ಟು ಬೆಲೆ ಹನ್ನೊಂದು ಲಕ್ಷ ಪೌಂಡಿಗೂ ಮೇಲಾಯಿತು. ಸೇನಾಪತಿ ಹ್ಯಾರಿಸ್‌ನ ಪಾಲಿಗೇ ಸುಮಾರು 1 ಲಕ್ಷ 42 ಸಾವಿರ ಪೌಂಡ್ ಬಂದರೆ, ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ಕೆಲವೇ ಪೌಂಡ್. ಈ ಗೆಲುವಿನ ನೆನಪಿಗೆ ಕಂಪನಿ ಸರ್ಕಾರ ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಪದಕಗಳನ್ನು ಹೊಡೆಸಿತು. ದೊಡ್ಡ ಅಧಿಕಾರಿಗಳಿಗೆ ಚಿನ್ನ, ನಂತರ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಿಪಾಯಿಗೆ ತವರ. ಪದಕದ ಮೇಲೆ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವುವ ಚಿತ್ರ. ತವರದ ಹುಲಿಯನ್ನು ಎದೆಗೆ ಸಿಕ್ಕಿಸಿಕೊಂಡ ಸಿಪಾಯಿಗಳಲ್ಲಿ ನಮ್ಮವರೇ ಎಷ್ಟು ಮಂದಿ ಇದ್ದರೋ!

ಟಿಪ್ಪುವಿನ ಬೆಳ್ಳಿ ಇಂದಿಗೂ ನಮ್ಮ ಕಣ್ಣಿಗೆ ಬೀಳುವುದು ನಾಣ್ಯಗಳ ರೂಪದಲ್ಲಿ. ಅವುಗಳ ಹೆಸರುಗಳೇ ಒಂದು ಪಾಠ. ಎರಡು ರೂಪಾಯಿಗೆ ಹೈದರಿ, ಒಂದು ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ, ಅದರ ಅರ್ಧಕ್ಕೆ ಜಾಫರಿ, ಮತ್ತೂ ಅರ್ಧಕ್ಕೆ ಕಾಝಿಮಿ. ಅಹ್ಲೆ ಬೈತ್‌ನ ಇಮಾಮರ ಹೆಸರುಗಳನ್ನು ಸಂತೆಯಲ್ಲಿ ರಾಗಿ ಕೊಳ್ಳುವ ರೈತನ ಕೈಗೂ ತಲುಪಿಸಿದ ದೊರೆ ಅವರು. ಆದರೆ ನಾಣ್ಯದ ಆಯುಷ್ಯ ಹೆಚ್ಚಲ್ಲ. ಆ ಕಾಲದಲ್ಲಿ ಬೆಳ್ಳಿ ಪಾತ್ರೆ ಬೇಕಾದವರು ಅಕ್ಕಸಾಲಿಗೆ ಕೊಡುತ್ತಿದ್ದುದು ರೂಪಾಯಿಗಳನ್ನೇ. ಆತ ತೂಕ ಮಾಡಿ, ಕರಗಿಸಿ, ಅದೇ ತೂಕದ ತಟ್ಟೆಯನ್ನೋ ಗುಲಾಬ್‌ದಾನಿಯನ್ನೋ ಮಾಡಿ ಮಜೂರಿ ಪಡೆಯುತ್ತಿದ್ದ. ಈ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. 1835ರ ಕಂಪನಿ ರೂಪಾಯಿಯ ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ 165 ಗ್ರೇನ್. ಲೆಕ್ಕ ಹಾಕಿದರೆ ಸಾವಿರಕ್ಕೆ ಸುಮಾರು 917. ಹಾಗಾಗಿ ಅಂಥ ರೂಪಾಯಿ ಕರಗಿಸಿ ಮಾಡಿದ ಪಾತ್ರೆ ಸ್ಟರ್ಲಿಂಗ್‌ಗಿಂತ ಕೂದಲೆಳೆಯಷ್ಟು ಕಡಿಮೆ. ಇದು ಮೋಸವಲ್ಲ, ಮೂಲದ ಗುಣ.

ಬ್ರಿಟಿಷರ ಭಾರತದಲ್ಲಿ ಬೆಳ್ಳಿ ಪರೀಕ್ಷಿಸಿ ಮುದ್ರೆ ಹಾಕುವ ಲಂಡನ್ನಿನಂಥ ಕಚೇರಿ ಇರಲಿಲ್ಲ. ಕಲ್ಕತ್ತಾದ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್ ಮುಂತಾದ ಅಂಗಡಿಗಳು ತಮ್ಮ ಹೆಸರನ್ನೇ ಒತ್ತುತ್ತಿದ್ದವು. ಅಂಗಡಿಯ ಮರ್ಯಾದೆಯೇ ಖಾತರಿ. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ನೆಲೆಗೊಂಡ ಮೇಲೆ ಅಲ್ಲಿನ ಸೌತ್ ಪೆರೇಡ್, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆ, ದೊರೆಗಳ ಪೇಟೆಯಾಯಿತು. ಬಾರ್ಟನ್ ಸೆಂಟರ್ ಎಂಬ ಕಟ್ಟಡದ ಹೆಸರು ಇಂದಿಗೂ ಅಲ್ಲಿ ಕೇಳಿಬರುತ್ತದೆ. ಮದರಾಸು ಮತ್ತು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ, ದೇವತೆಗಳ ಉಬ್ಬುಚಿತ್ರಗಳಿರುವ ಟೀ ಪಾತ್ರೆಗಳಿಗೆ 'ಸ್ವಾಮಿ' ಕೆಲಸ ಎಂದು ಹೆಸರು. ನಮ್ಮ ಅಕ್ಕಸಾಲಿಗರು ಇಂಗ್ಲಿಷ್ ಟೀಪಾಟಿನ ಮೇಲೆ ಪುರಾಣ ಕೆತ್ತಿದ್ದನ್ನು ಇಂದು ಹರಾಜಿನಲ್ಲಿ ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುತ್ತಾರೆ. ಕೆತ್ತಿದವರ ಹೆಸರು ಮಾತ್ರ ಪಾತ್ರೆಯ ಮೇಲಿಲ್ಲ, ಅಂಗಡಿಯವರದಿದೆ.

ಲಂಡನ್ ಸೌಟು ಕೊಪ್ಪಕ್ಕೆ ಬಂದ ದಾರಿ ತಿಳಿಯಲು ನಾನು ಹುಡುಗನ ದಾದಿಯವರನ್ನು ಕಂಡೆ. ಎಂಬತ್ತು ದಾಟಿದವರು, ನೆನಪು ಚೆನ್ನಾಗಿದೆ. ಟಿಪ್ಪುವಿನ ಮಾತು ತೆಗೆಯದೆ, "ದಾದಿಮಾ, ನಿಮ್ಮ ಮಾವನವರ ತಂದೆ ಏನು ಕೆಲಸ ಮಾಡುತ್ತಿದ್ದರು?" ಎಂದು ಕೇಳಿದೆ. "ದಂಡಿನಲ್ಲಿ ಬಟ್ಲರ್ ಆಗಿದ್ದರು ಬೇಟಾ. ಒಬ್ಬ ಕರ್ನಲ್ ಸಾಹೇಬರ ಬಂಗ್ಲೆಯಲ್ಲಿ" ಎಂದರು. ದೊರೆ ವಿಲಾಯತಿಗೆ ಹೊರಟಾಗ ಸಾಮಾನೆಲ್ಲ ಹರಾಜು ಹಾಕಿ, ಕೊಡಬೇಕಾಗಿದ್ದ ಸಂಬಳದ ಬಾಬ್ತು ಮತ್ತು ಇನಾಮು ಸೇರಿಸಿ ಈ ಸೌಟನ್ನು ಕೊಟ್ಟರಂತೆ. ಅಷ್ಟನ್ನು ಯಾರೂ ಅವರನ್ನು ಅದುವರೆಗೆ ಕೇಳಿರಲೇ ಇಲ್ಲ! ದಂಡಿನ ಬಂಗಲೆಗಳಲ್ಲಿ ಬಟ್ಲರ್, ಖಾನ್‌ಸಾಮಾ, ದರ್ಜಿ, ಜಟ್ಕಾ ಹೊಡೆಯುವ ಕೆಲಸಗಳಲ್ಲಿ ನಮ್ಮ ಜನರು ಬಹಳವಾಗಿ ಇದ್ದರು. ಅವರ ಇತಿಹಾಸವನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ, ಕಲಿಸಿಯೂ ಇಲ್ಲ.

"ನಿಮ್ಮ ಮನೆಯಲ್ಲಿ ಇದನ್ನು ಊಟಕ್ಕೆ ಬಳಸುತ್ತಿದ್ದಿರಾ?" ಎಂದು ಕೇಳಿದ್ದಕ್ಕೆ ದಾದಿ ನಾಲಿಗೆ ಕಚ್ಚಿಕೊಂಡರು. ಮಾವನವರು ಮೊದಲ ದಿನವೇ ಹೇಳಿದ್ದರಂತೆ: ಇದು ಪೆಟ್ಟಿಗೆಯಲ್ಲಿರಬೇಕು, ಇದರಿಂದ ಒಂದು ತೊಟ್ಟು ಸಾಲನ್ನೂ ಯಾರೂ ಬಡಿಸಬಾರದು.

ಇದರ ಹಿನ್ನೆಲೆ ನಮ್ಮ ಓದುಗರಿಗೆ ತಿಳಿದದ್ದೇ. ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ತಿನ್ನುವುದನ್ನು, ಕುಡಿಯುವುದನ್ನು ಪ್ರವಾದಿ ಮುಹಮ್ಮದ್ (ಸ) ನಿಷೇಧಿಸಿದ ಹದೀಸ್‌ಗಳು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇವೆ. ಹುದೈಫಾ (ರ) ಅವರು ಮದಾಯಿನ್‌ನಲ್ಲಿದ್ದಾಗ ನೀರು ಕೇಳಿದರು. ಊರಿನ ಮುಖಂಡ ಬೆಳ್ಳಿಯ ಬಟ್ಟಲಿನಲ್ಲಿ ತಂದುಕೊಟ್ಟ. ಹಿಂದೆಯೂ ಬೇಡವೆಂದು ಹೇಳಿದ್ದರಿಂದ ಅವರು ಅದನ್ನು ಎಸೆದು, ಕಾರಣವನ್ನು ಅಲ್ಲಿದ್ದವರಿಗೆ ವಿವರಿಸಿದರು. ಮದಾಯಿನ್ ಅಂದರೆ ಇರಾನಿನ ಕಿಸ್ರಾಗಳ ರಾಜಧಾನಿ, ಬೆಳ್ಳಿ ತಟ್ಟೆಗಳಿಗೆ ಜಗತ್ಪ್ರಸಿದ್ಧವಾದ ನೆಲ. ಅಲ್ಲಿ ಈ ಮಾತು ಹೇಳಿದ್ದಕ್ಕೆ ವಿಶೇಷ ಅರ್ಥವಿದೆ ಎಂದು ನನಗೆ ತೋರುತ್ತದೆ. ಹಾಗೆಂದು ಬೆಳ್ಳಿಯೇ ವರ್ಜ್ಯವಲ್ಲ. ಪ್ರವಾದಿಯವರ (ಸ) ಮುದ್ರೆಯುಂಗುರ ಬೆಳ್ಳಿಯದು. ಅವರ ಬಟ್ಟಲೊಂದು ಒಡೆದಾಗ ಬಿರುಕಿಗೆ ಬೆಳ್ಳಿಯ ಬೆಸುಗೆ ಹಾಕಿದ್ದನ್ನು ಅನಸ್ (ರ) ವರದಿ ಮಾಡಿದ್ದಾರೆ. ಬೆಳ್ಳಿ ಕೂರಿಸಿದ ಪಾತ್ರೆಗಳ ಬಗ್ಗೆ ಇಮಾಮರು ಮಾಡಿರುವ ಚರ್ಚೆಯನ್ನು ಉಲಮಾಗಳಿಂದ ಕೇಳಿ ತಿಳಿಯಬೇಕು, ಅದು ನನ್ನ ಕ್ಷೇತ್ರವಲ್ಲ.

ಸುಲ್ತಾನರೆಲ್ಲರೂ ಈ ಆದೇಶವನ್ನು ಪಾಲಿಸಿದರೇ? ಇಲ್ಲ. ಚಿನ್ನದ ತಟ್ಟೆಯಲ್ಲಿ ಉಂಡವರು ಬಹಳ ಮಂದಿ. ಆದರೆ ಈ ಆದೇಶ ಕುಶಲಕರ್ಮಿಗಳನ್ನು ಬೇರೊಂದು ದಾರಿಗೆ ಹಚ್ಚಿತು ಎಂದು ಕಲೆಯ ಇತಿಹಾಸಕಾರರಲ್ಲಿ ಕೆಲವರು ಹೇಳುತ್ತಾರೆ. ಹಿತ್ತಾಳೆಯಲ್ಲಿ ಬೆಳ್ಳಿ ಕೂರಿಸುವುದು, ಮಣ್ಣಿನ ಪಾತ್ರೆಗೆ ಲೋಹದ ಹೊಳಪು ತರುವುದು ಮುಂತಾದ ಕೆಲಸಗಳು ಹೀಗೆ ಬೆಳೆದವಂತೆ. ಬೆಳ್ಳಿಯ ಅಭಾವವೂ ಒಂದು ಕಾರಣವಾಗಿದ್ದಿರಬೇಕು. ಈ ದಾರಿಯ ಅತ್ಯಂತ ಸೊಗಸಾದ ನಿಲ್ದಾಣ ನಮ್ಮ ಕರ್ನಾಟಕದಲ್ಲೇ ಇದೆ. ಅದು ಬೀದರ್.

ಬಹಮನಿ ಸುಲ್ತಾನ ಅಹ್ಮದ್ ಷಾ (1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಮಹಮೂದ್ ಗವಾನರ ಮದ್ರಸಾ 1472ರಲ್ಲಿ ಅಲ್ಲಿಯೇ ತಲೆ ಎತ್ತಿತು. ಇರಾನಿನಿಂದ ವಿದ್ವಾಂಸರು, ಕವಿಗಳು, ಕುಶಲಕರ್ಮಿಗಳು ಆ ಊರಿಗೆ ಬಂದರು. ಆ ಊರಿನ ಹೆಸರಿನಲ್ಲೇ ಬಿದ್ರಿ ಕಲೆ ಪ್ರಸಿದ್ಧವಾಯಿತು. ಸೌಟಿನ ಕಥೆ ನಿಲ್ಲಿಸಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ಮಕ್ಕಳಿಗೆ ಬಿದ್ರಿ ಎಂದರೆ ಸನ್ಮಾನ ಸಮಾರಂಭದಲ್ಲಿ ಕೊಡುವ ಒಂದು ಕಪ್ಪು ಫಲಕ ಎಂದಷ್ಟೇ ಗೊತ್ತು.

ಬಿದ್ರಿ ಪಾತ್ರೆಯ ಮೈ ಬೆಳ್ಳಿಯಲ್ಲ, ಸತು. ಹೆಚ್ಚು ಪಾಲು ಸತು, ಹದಿನಾರರಲ್ಲಿ ಒಂದು ಪಾಲಿನಷ್ಟು ತಾಮ್ರ. ಕೆಂಪುಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಬೆರೆಸಿ ಅಚ್ಚು ಮಾಡಿ ಇದನ್ನು ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ, ಹೂವು, ಕೆಲವೊಮ್ಮೆ ಅಕ್ಷರಗಳನ್ನು ಕೈಯಲ್ಲೇ ಬಿಡಿಸುತ್ತಾರೆ. ನಂತರ ಸಣ್ಣ ಉಳಿಗಳಿಂದ ಗೆರೆ ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ, ತಗಡು ಕೂರಿಸಿದರೆ ತಹ್‌ನಿಶಾನ್, ಉಬ್ಬಾಗಿ ಬಂದರೆ ಝರ್‌ನಿಶಾನ್. ಹೂವನ್ನು ಕಪ್ಪಾಗಿ ಬಿಟ್ಟು ಸುತ್ತಲೂ ಬೆಳ್ಳಿ ತುಂಬಿದರೆ ಆಫ್ತಾಬಿ. ಈ ಹಂತದಲ್ಲಿ ಪಾತ್ರೆ ನೋಡಲು ಏನೂ ಚೆನ್ನಾಗಿರುವುದಿಲ್ಲ. ಬೂದು ಸತುವಿನ ಮೇಲೆ ಬಿಳಿ ಬೆಳ್ಳಿ ಕಾಣುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬೆಚ್ಚಗೆ ಕಾಯಿಸಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೇಲೆ ಎಣ್ಣೆ ಒರೆಸಿದರೆ ಮುಗಿಯಿತು. ಮಳೆ ಬಿಸಿಲು ಕಾಣದ ಜಾಗದ ಮಣ್ಣನ್ನೇ ಆರಿಸುತ್ತಾರೆ; ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುವುದುಂಟು.

ಹೀಗೆ ಪಾನ್‌ದಾನ್, ಹುಕ್ಕಾದ ಬುಡ, ಕೈತೊಳೆಯುವ ಆಫ್ತಾಬಾ ಮತ್ತು ಚಿಲಂಚಿ, ಸುರಾಹಿ, ಉಗಾಲ್‌ದಾನ್ ಎಲ್ಲವೂ ತಯಾರಾದವು. ದಸ್ತರ್‌ಖ್ವಾನಿನ ಸುತ್ತ ಇರುವ ವಸ್ತುಗಳಲ್ಲೇ ಬಿದ್ರಿಯ ಹಿರಿಮೆ ಹೆಚ್ಚು, ಉಣ್ಣುವ ತಟ್ಟೆಯಲ್ಲಿ ಅಷ್ಟಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿದ್ರಿಯ ಒಳ್ಳೆಯ ಸಂಗ್ರಹಗಳಿವೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಸುತ್ತಿಗೆ ಹಿಡಿದವರ ಹೆಸರು ಒಮ್ಮೆಯಾದರೂ ದೆಹಲಿಯಲ್ಲಿ ಕೇಳಿಬಂದಿತಲ್ಲ ಎಂದು ಅಂದು ನಾನು ತರಗತಿಯಲ್ಲಿ ಸಿಹಿ ಹಂಚಿದೆ.

ಸೌಟಿಗೆ ಮರಳುವ ಮುನ್ನ ಸದಸ್ಯರ ಉಪಯೋಗಕ್ಕೆ ಎರಡು ಮೂರು ಮಾತು. ನಮ್ಮ ಮನೆಗಳಲ್ಲಿ ಹಳೆಯ ಚಮಚ, ಟ್ರೇಗಳ ಹಿಂದೆ 'ಇಪಿಎನ್ಎಸ್' ಎಂದು ಒತ್ತಿರುವುದನ್ನು ಬೆಳ್ಳಿಯೆಂದು ತಿಳಿದು ಅಡವಿಡಲು ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದವರಿದ್ದಾರೆ. ಅದು ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ನೀರು ಕೊಟ್ಟದ್ದು. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ 1840ರಲ್ಲಿ ಇಂಥ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಬಡ ದೊರೆಗಳ ಮೇಜಿಗೂ ಬೆಳ್ಳಿಯ ಹೊಳಪು ಬಂತು. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. 2025ರ ಸೆಪ್ಟೆಂಬರಿನಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಚಿನ್ನದಂತೆ ಪ್ರತ್ಯೇಕ ಗುರುತಿನ ಸಂಖ್ಯೆ ಬರುತ್ತಿದೆ, ಆದರೆ ಅದು ಕಡ್ಡಾಯವಲ್ಲ. ಕೇಳಿ ಪಡೆಯಬೇಕು.

ಝಕಾತಿನ ಲೆಕ್ಕವೂ ಇದಕ್ಕೆ ಸೇರಿದ್ದು. ಬೆಳ್ಳಿಯ ನಿಸಾಬ್ ಐವತ್ತೆರಡೂವರೆ ತೊಲ, ಅಂದರೆ 612.36 ಗ್ರಾಂ. ಪೆಟ್ಟಿಗೆಯಲ್ಲಿ ಬಿದ್ದಿದೆ, ಬಳಸುವುದಿಲ್ಲ ಎಂಬ ಕಾರಣಕ್ಕೆ ಬೆಳ್ಳಿ ಪಾತ್ರೆ ಹನಫಿ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಇನ್ನೊಂದು, ನೂರು ವರ್ಷಕ್ಕಿಂತ ಹಳೆಯ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ಕೆಳಗೆ ಬರುತ್ತದೆ. ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಗಲ್ಫಿನಲ್ಲಿರುವ ಬಂಧುಗಳಿಗೆ ಉಡುಗೊರೆ ಕೊಟ್ಟು ಕಳಿಸುವವರು ಇದನ್ನು ನೆನಪಿಡಬೇಕು.

ಮೂರನೆಯ ದಿನ ಹುಡುಗನ ತಂದೆ ಬಂದರು. ನಾನು ಪತ್ರ ಬರೆದಿಟ್ಟಿದ್ದೆ. ಇದು ಲಂಡನ್ನಿನಲ್ಲಿ 1881ರ ಸಾಲಿನಲ್ಲಿ ಪರೀಕ್ಷೆಯಾದ ಸ್ಟರ್ಲಿಂಗ್ ಬೆಳ್ಳಿಯ ಸೂಪು ಸೌಟು, ತೂಕ 236 ಗ್ರಾಂ, ಬೆಂಗಳೂರು ದಂಡಿನಲ್ಲಿ ಬಟ್ಲರ್ ಆಗಿದ್ದವರಿಗೆ ದುಡಿಮೆಗೆ ಬದಲಾಗಿ ಸಿಕ್ಕಿದ್ದೆಂದು ಮನೆಯ ಹಿರಿಯರ ಹೇಳಿಕೆ ಎಂದು ಅದರಲ್ಲಿತ್ತು. ಅವರು ಎರಡು ಸಲ ಓದಿದರು. ಮುಖ ಕಳೆಗುಂದಿತು. "ಟಿಪ್ಪು ಸುಲ್ತಾನರ ಹೆಸರು ಇಲ್ಲವಲ್ಲ ಸಾಬ್" ಎಂದರು. ಇಲ್ಲ ಎಂದೆ. ನಾನು ಬರೆದುಕೊಟ್ಟಿದ್ದರೆ ಆ ಹುಡುಗಿಯ ಒಂದು ವರ್ಷದ ಶುಲ್ಕ ಸುಲಭವಾಗಿ ಹೊರಡುತ್ತಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ವ್ಯಾಪಾರಿ ತೂಕದ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಡಲು ಮುಂದೆ ಬಂದನಂತೆ. ದಾದಿ ಒಪ್ಪಲಿಲ್ಲ. ಟಿಪ್ಪುವಿನದಾಗಿದ್ದರೆ ಅದು ನಮ್ಮ ಮನೆಗೆ ಲೂಟಿಯಿಂದಲೇ ಬಂದಿರಬೇಕಿತ್ತು, ಇದು ನಮ್ಮವರು ದುಡಿದದ್ದು, ಇರಲಿ ಎಂದರಂತೆ. ಶುಲ್ಕಕ್ಕೆ ಹುಡುಗಿಯ ತಾಯಿಯ ಎರಡು ಬಳೆಗಳು ಅಡವಿಗೆ ಹೋದವು. ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ, ಒಂದು ಬಳೆ ಬಿಡಿಸಿಕೊಂಡಿದ್ದಾರೆ. ಸೌಟು ಅದೇ ದುಪಟ್ಟಾದಲ್ಲಿ, ನನ್ನ ಪತ್ರದ ಸಮೇತ ಪೆಟ್ಟಿಗೆಯಲ್ಲಿದೆ. ಹುಡುಗ ನನ್ನ ಭೂತಗನ್ನಡಿಯನ್ನು ತೆಗೆದುಕೊಂಡು ಹೋದವನು ಇನ್ನೂ ಹಿಂದಿರುಗಿಸಿಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಸಿಂಹ, ಚಿರತೆ, ರಾಣಿಯ ತಲೆ ತೋರಿಸಿ 'ಎಫ್' ಎಂದರೆ ಎಷ್ಟು ಇಸವಿ ಎಂದು ಪ್ರಶ್ನೆ ಕೇಳುತ್ತಾನಂತೆ.